ಮ್ಯಾಕ್‌ಬೆತ್‌ನ ಸ್ವಗತ ತೆರೆಯ ಮೇಲೆ ಏನಾಗುತ್ತದೆ?

ರಂಗಭೂಮಿಯ ದುರಂತ ನಾಟಕವೊಂದು ಸಿನಿಮಾ ಆದಾಗ ಚರ್ಚೆ ಹೆಚ್ಚಾಗಿ ಕಾಲ ಮತ್ತು ಸ್ಥಳಗಳ ಬದಲಾವಣೆಯ ಸುತ್ತಲೇ ನಡೆಯುತ್ತದೆ. ಸ್ಕಾಟ್ಲೆಂಡಿನ ಅರಸ ಮುಂಬೈಯ ಭೂಗತ ದೊರೆಯಾದ, ಕೋಟೆ ಹೋಗಿ ಕೇರಳದ ತೋಟದ ಮನೆ ಬಂತು ಎಂದು ಹೊಂದಿಸಿ ನೋಡುವುದರಲ್ಲಿ ಒಂದು ಖುಷಿ ಇದೆ ನಿಜ, ಆದರೆ ಅಷ್ಟರಿಂದ ರೂಪಾಂತರದ ಗುಣಾವಗುಣ ತಿಳಿಯುವುದಿಲ್ಲ. ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಆಧರಿಸಿದ ಸಿನಿಮಾಗಳನ್ನು ನೋಡುವಾಗ ನನ್ನನ್ನು ಕಾಡುವುದು ಬೇರೊಂದು ಪ್ರಶ್ನೆ: ಮ್ಯಾಕ್‌ಬೆತ್‌ನ ಸ್ವಗತವನ್ನು ಇವರು ಏನು ಮಾಡಿದರು?

ಈ ನಾಟಕಕ್ಕೆ ಸ್ವಗತ ಅಲಂಕಾರವಲ್ಲ. ಪಟ್ಟಕ್ಕಾಗಿ ತಾನು ಕೊಲ್ಲಲಿರುವ ಡಂಕನ್ ತನ್ನ ಬಂಧು, ತನ್ನ ದೊರೆ, ಸಾಲದ್ದಕ್ಕೆ ಆ ರಾತ್ರಿ ತನ್ನ ಮನೆಗೆ ಬಂದ ಅತಿಥಿ, ಅವನನ್ನು ಕೊಲೆಗಾರನಿಂದ ಕಾಯಬೇಕಾದ ತಾನೇ ಕತ್ತಿ ಹಿಡಿಯುವುದು ಹೇಗೆ ಎಂದು ಮೊದಲ ಅಂಕದ ಕೊನೆಯಲ್ಲೇ ಮ್ಯಾಕ್‌ಬೆತ್ ತನಗೆ ತಾನು ಹೇಳಿಕೊಳ್ಳುತ್ತಾನೆ. ಮಾಡಲಿರುವ ಕೃತ್ಯದ ತೂಕ ಅವನಷ್ಟು ಚೆನ್ನಾಗಿ ನಾಟಕದಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದೂ ಮಾಡುತ್ತಾನೆ ಎಂಬುದರಿಂದಲೇ ಅದು ದುರಂತ, ಇಲ್ಲದಿದ್ದರೆ ಬರಿಯ ಅಪರಾಧದ ಕತೆ. ಇದೇ ವಸ್ತುವಿನಿಂದ ಎಚ್.ಎಸ್. ಶಿವಪ್ರಕಾಶರು ಬರೆದ ‘ಮಾರನಾಯಕನ ದೃಷ್ಟಾಂತ’ವನ್ನು ಹುಲುಗಪ್ಪ ಕಟ್ಟೀಮನಿಯವರು ಸೆರೆಮನೆಯ ಕೈದಿಗಳಿಂದ ಆಡಿಸಿದರೆಂಬುದನ್ನು ನೆನೆದಾಗಲೆಲ್ಲ, ಆ ಮಾತುಗಳನ್ನು ಎದುರಿಗೆ ಕೂತವರ ಮುಂದೆ ಬಾಯಿಬಿಟ್ಟು ಆಡುವುದಕ್ಕೆ ಇರುವ ಬೆಲೆ ನನಗೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಕ್ಯಾಮೆರಾಕ್ಕಾದರೋ ಒಬ್ಬನೇ ನಿಂತು ಮಾತಾಡುವ ಮನುಷ್ಯನನ್ನು ಕಂಡರೆ ಅಷ್ಟಕ್ಕಷ್ಟೆ.

ಜಪಾನಿನ ಅಕಿರಾ ಕುರೊಸಾವಾ 1957ರಲ್ಲಿ ತೆಗೆದ ‘ಥ್ರೋನ್ ಆಫ್ ಬ್ಲಡ್’ ಚಿತ್ರದಲ್ಲಿ ಶೇಕ್ಸ್‌ಪಿಯರನ ಒಂದು ಸಾಲೂ ಇಲ್ಲ, ಆದರೂ ದುರಂತ ಪೂರ್ತಿಯಾಗಿ ಇದೆ. ಒಡೆಯ ಬಂದು ತಂಗಿದ್ದರಿಂದ, ಇಲ್ಲಿ ಮ್ಯಾಕ್‌ಬೆತ್‌ನ ಸ್ಥಾನದಲ್ಲಿರುವ ವಾಶಿಜು ಮತ್ತು ಅವನ ಹೆಂಡತಿ ಅಸಾಜಿ ತಮ್ಮ ಕೋಣೆಯನ್ನು ಬಿಟ್ಟುಕೊಟ್ಟು, ಹಿಂದೊಬ್ಬ ದ್ರೋಹಿ ಸತ್ತ ಕೋಣೆಯಲ್ಲಿ ರಾತ್ರಿ ಕಳೆಯಬೇಕಾಗುತ್ತದೆ. ಆ ರಕ್ತದ ಕಲೆ ಎಷ್ಟು ತೊಳೆದರೂ ಹೋಗಿಲ್ಲ. ದ್ರೋಹದ ಫಲ ಏನೆಂದು ವಾಶಿಜು ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ, ಅದು ಅವನ ಕಣ್ಣೆದುರಿಗಿದೆ. ಕಾವಲುಗಾರರಿಗೆ ಕೊಡಬೇಕಾದ ಮದ್ದು ಬೆರೆಸಿದ ಮದ್ಯವನ್ನು ತರಲು ಅಸಾಜಿ ಕತ್ತಲು ತುಂಬಿದ ಬಾಗಿಲೊಳಗೆ ಹೋಗುತ್ತಾಳೆ, ಕ್ಷಣಕಾಲ ಅವಳ ಆಕಾರವೇ ಕಾಣುವುದಿಲ್ಲ, ಮತ್ತೆ ಜಾಡಿ ಹಿಡಿದು ಅದೇ ಕತ್ತಲಿನಿಂದ ಹೊರಬರುತ್ತಾಳೆ. ಅಷ್ಟು ಹೊತ್ತೂ ನಮಗೆ ಕೇಳಿಸುವುದು ಅವಳ ಉಡುಪಿನ ಸರಬರ ಸದ್ದು ಮಾತ್ರ. ಕುರೊಸಾವಾ ಪಾತ್ರಧಾರಿಗಳಿಗೆ ಜಪಾನಿನ ಹಳೆಯ ‘ನೋ’ ರಂಗಭೂಮಿಯ ಮುಖವಾಡಗಳ ಚಿತ್ರ ತೋರಿಸಿ ಅಭಿನಯವನ್ನು ರೂಪಿಸಿದ್ದರು. ಶೇಕ್ಸ್‌ಪಿಯರನ ಮಾತು ಹೋದ ಜಾಗವನ್ನು ಇನ್ನೊಂದು ಹಳೆಯ ರಂಗಸಂಪ್ರದಾಯದ ಮೌನ ತುಂಬಿತು ಎಂಬುದೇ ಈ ಚಿತ್ರದ ಗುಟ್ಟು.

ಜೋಯೆಲ್ ಕೋಯೆನ್ 2021ರ ತಮ್ಮ ಕಪ್ಪು-ಬಿಳುಪು ಚಿತ್ರ ‘ದ ಟ್ರಾಜಿಡಿ ಆಫ್ ಮ್ಯಾಕ್‌ಬೆತ್’ನಲ್ಲಿ ಇದಕ್ಕೆ ತೀರ ವಿರುದ್ಧವಾದ ದಾರಿ ಹಿಡಿದರು. ಸ್ವಗತಗಳು ಹಾಗೆಯೇ ಉಳಿದಿವೆ, ಆದರೆ ಡೆನ್ಜೆಲ್ ವಾಷಿಂಗ್ಟನ್ ಅವನ್ನು ಸಭೆಗೆ ಕೇಳಿಸುವ ಹಾಗಲ್ಲದೆ ದಣಿದವನ ಗೊಣಗಾಟದಂತೆ ಆಡುತ್ತಾರೆ. ಉದ್ದನೆಯ ಪಡಸಾಲೆಯ ಕೊನೆಯಲ್ಲಿ ಹೊಳೆಯುವ ಕಠಾರಿಯತ್ತ ನಡೆಯುತ್ತ ಹೋದಂತೆ ಅದು ಡಂಕನ್ ಮಲಗಿರುವ ಕೋಣೆಯ ಬಾಗಿಲ ಹಿಡಿಕೆ ಎಂದು ತಿಳಿಯುವ ದೃಶ್ಯವೊಂದಿದೆ. ಮಾತನ್ನು ಉಳಿಸಿಕೊಂಡೂ ಸಿನಿಮಾಕ್ಕೆ ಮಾತ್ರ ಸಾಧ್ಯವಾದುದನ್ನು ಮಾಡಬಹುದೆಂಬುದಕ್ಕೆ ಈ ಒಂದು ದೃಶ್ಯ ಸಾಕು. ಚಿತ್ರದ ಉಳಿದ ಭಾಗದಲ್ಲಿ ಅಂದ ಹೆಚ್ಚಾಯಿತು, ಭಯ ಕಡಿಮೆಯಾಯಿತು ಎಂದು ನನಗನ್ನಿಸಿದೆ.

ವಿಶಾಲ್ ಭಾರದ್ವಾಜರ ‘ಮಕ್ಬೂಲ್’ (2003) ಬಗ್ಗೆ ಈಗಾಗಲೇ ಸಾಕಷ್ಟು ಬರೆಯಲಾಗಿದೆ. ಕುಂಡಲಿ ಬರೆಯುವ ಇಬ್ಬರು ಪೊಲೀಸರನ್ನು, ನಾಟಕದಲ್ಲಿ ಮ್ಯಾಕ್‌ಬೆತ್‌ಗೆ ಭವಿಷ್ಯ ನುಡಿಯುವ ಮಾಟಗಾತಿಯರ ಜಾಗಕ್ಕೆ ತಂದದ್ದು ಜಾಣತನದ ಕೆಲಸ, ಏಕೆಂದರೆ ಅವರು ಭವಿಷ್ಯ ಹೇಳುವುದಷ್ಟೇ ಅಲ್ಲ, ಅದು ನಿಜವಾಗುವಂತೆ ನೋಡಿಕೊಳ್ಳುತ್ತಾರೆ. ಸ್ವಗತದ ಕೆಲಸವನ್ನು ಅಲ್ಲಿ ಬಹುಪಾಲು ಇರ್ಫಾನ್ ಖಾನರ ಕಣ್ಣುಗಳೇ ಮಾಡುತ್ತವೆ.

ನನಗೆ ನಿಜವಾಗಿ ತೊಡಕಾಗಿರುವುದು ದಿಲೀಶ್ ಪೋತ್ತನ್ ನಿರ್ದೇಶಿಸಿ, ಶ್ಯಾಮ್ ಪುಷ್ಕರನ್ ಬರೆದ ಮಲಯಾಳಂ ಚಿತ್ರ ‘ಜೋಜಿ’ (2021). ಇಲ್ಲಿ ಮಾಟಗಾತಿಯರೂ ಇಲ್ಲ, ರಾಜ್ಯವೂ ಇಲ್ಲ. ಕಟ್ಟುಮಸ್ತಾದ ಮೈಯ, ಯಾರ ಮಾತನ್ನೂ ಕೇಳದ ಕುಟ್ಟಪ್ಪನ್ ಎಂಬ ಯಜಮಾನ, ಅವನ ಮೂವರು ಮಕ್ಕಳು, ಸುತ್ತ ತೋಟ. ಫಹಾದ್ ಫಾಸಿಲ್ ನಟಿಸಿರುವ ಕೊನೆಯ ಮಗ ಜೋಜಿಗೆ ತಂದೆಯ ಮನೆಯಲ್ಲಿ ಊಟವುಂಟು, ಬೆಲೆಯಿಲ್ಲ. ನಾಟಕದಲ್ಲಿ ಗಂಡನನ್ನು ಕೊಲೆಗೆ ಹುರಿದುಂಬಿಸುವ ಲೇಡಿ ಮ್ಯಾಕ್‌ಬೆತ್ ಸ್ಥಾನದಲ್ಲಿರುವ ಅತ್ತಿಗೆ ಬಿನ್ಸಿ ಕೊಲ್ಲು ಎಂದು ಹೇಳುವವಳಲ್ಲ. ಅಡುಗೆಮನೆಯಲ್ಲಿ ಕೆಲಸ ಮಾಡುತ್ತ ಮಾಡುತ್ತಲೇ ಅವನ ಸ್ಥಿತಿ ಏನೆಂದು ಅವನಿಗೆ ಮನದಟ್ಟು ಮಾಡುತ್ತಾಳೆ, ಉಳಿದದ್ದನ್ನು ಕಂಡೂ ಕಾಣದಂತಿರುತ್ತಾಳೆ. ಲಕ್ವ ಹೊಡೆದು ಹಾಸಿಗೆ ಹಿಡಿದ ತಂದೆಯ ಮಾತ್ರೆಗಳನ್ನು ಜೋಜಿ ಬದಲಾಯಿಸುತ್ತಾನೆ. ಕಠಾರಿಯಿಲ್ಲ, ರಕ್ತವಿಲ್ಲ, ಕೈ ನಡುಗುವುದೂ ಇಲ್ಲ. ತಂದೆ ಸತ್ತು ಮನೆ ತುಂಬ ಜನ ಸೇರಿರುವಾಗ ಕೋಣೆಯಿಂದ ಹೊರಬರಲು ಹಿಂಜರಿಯುವ ಅವನಿಗೆ ಬಿನ್ಸಿ ಮಾಸ್ಕ್ ಹಾಕಿಕೊಂಡು ಬಾ ಎನ್ನುತ್ತಾಳೆ. ಕೋವಿಡ್ ಕಾಲದ ಸಾಮಾನ್ಯ ಮಾತು ಅದು. ಆದರೆ ಮುಖ ಏನನ್ನಾದರೂ ಹೇಳಿಬಿಟ್ಟೀತೆಂಬ ಅಂಜಿಕೆ ಇಬ್ಬರಿಗೂ ಇದೆ ಎಂಬುದು ಅದರಲ್ಲೇ ಗೊತ್ತಾಗುತ್ತದೆ.

ಇಷ್ಟು ಹೊಗಳಿದ ಮೇಲೂ ‘ಜೋಜಿ’ಯನ್ನು ದುರಂತ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಜೋಜಿಗೆ ಸಿಕ್ಕಿಬೀಳುವ ಭಯವಿದೆ, ಮಾಡಿದ್ದರ ಭಾರವಿಲ್ಲ. ಅಣ್ಣ ಜೋಮೋನ್‌ನನ್ನು ಏರ್‌ಗನ್ನಿನಿಂದ ಕೊಂದ ಮೇಲೂ ಅವನ ಯೋಚನೆಯೆಲ್ಲ ಅದನ್ನು ಮುಚ್ಚಿಹಾಕುವುದು ಹೇಗೆಂಬುದರ ಸುತ್ತಲೇ ಇರುತ್ತದೆ. ನಾಟಕದ ಐದನೆಯ ಅಂಕದಲ್ಲಿ, ಮುಪ್ಪಿನಲ್ಲಿ ಮನುಷ್ಯನಿಗೆ ಸಲ್ಲಬೇಕಾದ ಗೌರವ, ಪ್ರೀತಿ, ಗೆಳೆಯರ ಬಳಗ ಯಾವುದೂ ತನಗೆ ಸಿಗಲಾರದೆಂದು ಮ್ಯಾಕ್‌ಬೆತ್ ಒಪ್ಪಿಕೊಳ್ಳುತ್ತಾನೆ. ಜೋಜಿ ಸಾಯಲು ಹೊರಟಾಗ ತನ್ನ ಸಾವಿಗೆ ಸಮಾಜವೇ ಹೊಣೆ ಎನ್ನುತ್ತಾನೆ. ಬರಹಗಾರರು ಇದನ್ನು ತಿಳಿದೇ ಮಾಡಿದ್ದಾರೆ, ಇಂದಿನ ಕೊಲೆಗಾರನಿಗೆ ಒಳಗಿನ ಮಾತೇ ಇಲ್ಲ ಎನ್ನುವುದು ಅವರ ಅಭಿಪ್ರಾಯ ಎಂದು ವಾದಿಸುವ ಗೆಳೆಯರಿದ್ದಾರೆ. ವಾದವನ್ನು ಒಪ್ಪಬಹುದು. ಹಾಗಾದರೆ ಅದು ಮ್ಯಾಕ್‌ಬೆತ್‌ನ ರೂಪಾಂತರವಾಗದೆ ಅವನಿಗೆ ಕೊಟ್ಟ ಉತ್ತರವಾಗುತ್ತದೆ, ಮತ್ತು ಚಿತ್ರ ಮುಗಿದ ಮೇಲೆ ನಮಗೆ ಜೋಜಿಯ ಬಗ್ಗೆ ಕುತೂಹಲ ಉಳಿಯುತ್ತದೆಯೇ ಹೊರತು ಮರುಕ ಹುಟ್ಟುವುದಿಲ್ಲ. ವಾಶಿಜು ತನ್ನದೇ ಸೈನಿಕರ ಬಾಣಗಳಿಗೆ ಗುರಿಯಾಗಿ, ಓಡಲು ಜಾಗವಿಲ್ಲದೆ ಅತ್ತಿಂದಿತ್ತ ತತ್ತರಿಸುವಾಗ, ಅವನು ಕೊಲೆಗಡುಕನೆಂದು ಚೆನ್ನಾಗಿ ಗೊತ್ತಿದ್ದೂ ನನಗೆ ಅಯ್ಯೋ ಎನಿಸುತ್ತದೆ.