ಫೋನ್ ಸ್ಕ್ರೀನು ಟ್ಯಾಬಲ್ಲಿ ಕಾಣ್ಬೇಕಂದ್ರೆ

ಫೋನಿಂದ ಟೀವಿಗೆ ಸ್ಕ್ರೀನ್ ಹಾಕೋದು ಈಗ ಸಣ್ಣ ಮಕ್ಳಿಗೂ ಗೊತ್ತು. ಅದೇ ಸ್ಕ್ರೀನನ್ನ ಪಕ್ಕದಲ್ಲೇ ಬಿದ್ದಿರೋ ಟ್ಯಾಬಲ್ಲಿ ತೋರ್ಸು ನೋಡೋಣ ಅಂದ್ರೆ ಒದ್ದಾಟ ಶುರು. ಫೋನಲ್ಲೂ ಕ್ಯಾಸ್ಟ್ ಬಟನ್ ಇರತ್ತೆ, ಟ್ಯಾಬಲ್ಲೂ ಇರತ್ತೆ, ಎರಡನ್ನೂ ಒತ್ಕೊಂಡು ಕೂತ್ರೆ ಎರಡೂ ಹುಡುಕ್ತಾ ಹುಡುಕ್ತಾ ಗಿರಗಿರ ಸುತ್ತುತಾನೇ ಇರ್ತವೆ, ಒಂದಕ್ಕೊಂದು ಸಿಗಲ್ಲ. ಯಾಕಂದ್ರೆ ಎರಡೂ ಕಳ್ಸೋ ಕಡೆಯವೇ. ಇಬ್ರೂ ಗಂಡಿನ ಕಡೆಯೋರೇ ಬಂದು ಛತ್ರದಲ್ಲಿ ಕೂತಂಗೆ.

2012ರಲ್ಲಿ ವೈಫೈ ಅಲಯನ್ಸ್‌ನವ್ರು ಮಿರಾಕಾಸ್ಟ್ ಅಂತ ತಂದ್ರಲ್ಲ, ರೂಟರ್ ಇಲ್ದೆನೂ ಎರಡು ಡಿವೈಸು ನೇರ ಮಾತಾಡ್ಕೊಳೋದು, ಅದರಲ್ಲಿ ಕಳ್ಸೋದು ಬೇರೆ ಇಸ್ಕೊಳೋದು ಬೇರೆ. ಟೀವಿಗಳಿಗೆ ಇಸ್ಕೊಳೋದು ಬರತ್ತೆ, ಆಂಡ್ರಾಯ್ಡ್ ಟ್ಯಾಬುಗಳಲ್ಲಿ ಸಾಮಾನ್ಯವಾಗಿ ಅದನ್ನ ಕೊಟ್ಟಿರಲ್ಲ. ಎರಡೂ ಸ್ಯಾಮ್‌ಸಂಗ್ ಗ್ಯಾಲಕ್ಸಿ ಆಗಿದ್ರೆ ಸ್ಮಾರ್ಟ್ ವ್ಯೂ, ಸ್ಯಾಮ್‌ಸಂಗ್ ಫ್ಲೋ ಅಂತ ಏನೋ ದಾರಿ ಇದೆ. ಐಪ್ಯಾಡೂ ಅಷ್ಟೆ, ಐಫೋನಿಂದ ಏರ್‌ಪ್ಲೇ (ಆಪಲ್‌ನವ್ರ ಕ್ಯಾಸ್ಟು) ಇಸ್ಕೊಳಲ್ಲ, ಫೇಸ್‌ಟೈಮ್ ಕಾಲ್ ಮಾಡಿ ಅದ್ರೊಳಗೆ ಶೇರ್ ಸ್ಕ್ರೀನ್ ಕೊಡ್ಬೇಕು.

ನಮ್ದು ಫೋನ್ ಒಂದು ಕಂಪನಿ ಟ್ಯಾಬ್ ಇನ್ನೊಂದು ಕಂಪನಿ. ಪ್ಲೇಸ್ಟೋರಲ್ಲಿ ಮಿರರಿಂಗ್ ಅಂತ ಹೊಡುದ್ರೆ ರಾಶಿ ಆಪ್ ಬರ್ತವೆ, ಹಾಕ್ಕೊಂಡ ಒಂದಂತೂ ಸ್ಕ್ರೀನ್ ತೋರ್ಸೋದಕ್ಕಿಂತ ಜಾಸ್ತಿ ಜಾಹೀರಾತೇ ತೋರ್ಸ್ತು, ತೆಗ್ದು ಬಿಸಾಕ್ದೆ. ಕೊನೆಗೆ ನಿಂತಿದ್ದು ಗೂಗಲ್ ಮೀಟಲ್ಲಿ. ಹೌದು, ಆಫೀಸೋರು ಮೀಟಿಂಗ್ ಮಾಡ್ತಾರಲ್ಲ ಅದೇ! ಫೋನಲ್ಲಿ ಒಂದು ಕಾಲ್ ಶುರು ಮಾಡಿ, ಟ್ಯಾಬಿಂದ ಅದಕ್ಕೇ ಸೇರ್ಕೊಂಡು, ಫೋನಲ್ಲಿ ಶೇರ್ ಸ್ಕ್ರೀನ್ ಒತ್ತಿದ್ರೆ ಆಯ್ತು. ಎರಡೂ ಒಂದೇ ರೂಮಲ್ಲಿದ್ರೆ ಒಂದರ ಮೈಕು ಸ್ಪೀಕರು ಎರಡೂ ಬಂದ್ ಮಾಡಿ, ಇಲ್ಲಾಂದ್ರೆ ಮಾರಿಹಬ್ಬದ ಮೈಕ್‌ಸೆಟ್ಟು ಕೂಗುತ್ತಲ್ಲ ಆ ಕುಯ್ಯೋ ಸೌಂಡು ಬಂದು ಕಿವಿ ತೂತಾಗತ್ತೆ. ನೆಟ್ ಖರ್ಚಾಗತ್ತೆ, ಒಂಚೂರು ತಡವಾಗೂ ಬರತ್ತೆ, ಗೇಮ್ ಆಡೋರಿಗೆ ಇದು ಸುತಾರಾಂ ಆಗಲ್ಲ.

ಆದ್ರೆ ನೆಟ್ ಮೇಲೆ ಹೋಗೋದ್ರಿಂದ ದೂರದ ಊರಿಂದಲೂ ಸ್ಕ್ರೀನ್ ತೋರ್ಸ್ಬೋದು, ನಮಗೆ ಇದೇ ಲಾಭ ಆಯ್ತು. ಅಪ್ಪ ಈಗ ಮೈಸೂರಲ್ಲಿ ನಮ್ ಜೊತೆ ಇರೋದು, ಗದ್ದೆ ಮಂಡ್ಯ ಹತ್ರ. ಮಳೆಗಾಲ ಬಂತಂದ್ರೆ "ಕಟ್ಟೆ ಎಷ್ಟಾಯ್ತ್ಲಾ" ಅಂತಾನೇ ಬೆಳಗಾಗೋದು, ಕೆಆರ್‌ಎಸ್ 124.80 ಅಡಿ ಮುಟ್ಟೋವರ್ಗೂ ಸಮಾಧಾನ ಇಲ್ಲ. ಪಕ್ಕದ ಗದ್ದೆಯೋರ ಜೊತೆ ಬದು ವಿಷ್ಯಕ್ಕೆ ಒಂದು ಕಿರಿಕ್ ಬೇರೆ ಇತ್ತು. ಊರಲ್ಲಿರೋ ಚಿಕ್ಕಪ್ಪನ ಮಗ ನಿಂತ ಜಾಗದ ಸರ್ವೆ ನಂಬರ್ ತೋರ್ಸೋ ಸರ್ಕಾರದ ದಿಶಾಂಕ್ ಆಪ್ ಹಾಕ್ಕೊಂಡು ಫೋನ್ ಹಿಡ್ಕೊಂಡು ಬದು ಮೇಲೆ ನಡೀತಾ ಸ್ಕ್ರೀನ್ ಶೇರ್ ಮಾಡ್ದ, ಇಲ್ಲಿ ಅಪ್ಪ ಕನ್ನಡಕ ಮೂಗಿನ ತುದಿಗಿಳಿಸ್ಕೊಂಡು ಟ್ಯಾಬ್ ಮುಂದೆ. ಅವನು ನಿಂತ ಜಾಗ ಮ್ಯಾಪಲ್ಲಿ ಚುಕ್ಕಿ ಥರ ಜರುಗೋದು, ಗೆರೆ ದಾಟ್ದಾಗ ಸರ್ವೆ ನಂಬರ್ ಬದಲಾಗೋದು, "ಇನ್ನೊಂಚೂರು ಮೂಡ್ಲಕ್ಕೆ ಹೋಗ್ಲಾ, ಆ ಹೊಂಗೆ ಮರ ತಂಕ" ಅಂತ ಇವ್ರು ಮೈಸೂರಿಂದ ಕೂಗೋದು. ಫೋನಲ್ಲಾಗಿದ್ರೆ ಆ ನಂಬರ್ ಅವ್ರಿಗೆ ಓದೋಕೇ ಆಗ್ತಿರ್ಲಿಲ್ಲ. ಜಿಪಿಎಸ್ ಒಂದೆರಡು ಮಾರು ಆಚೀಚೆ ತೋರ್ಸತ್ತೆ, ಹಂಗಾಗಿ ಜಗಳ ತೀರ್ಸೋಕೆ ಇದು ಸಾಕಾಗಲ್ಲ, ಅದಕ್ಕೆ ಮೋಜಿಣಿಗೆ, ಅಂದ್ರೆ ಸರ್ಕಾರದ ಜಮೀನು ಅಳತೆ ವ್ಯವಸ್ಥೆಗೆ, ಅರ್ಜಿ ಹಾಕಿ ಸರ್ವೆಯರ್ ಬಂದೇ ಅಳೀಬೇಕು. ಜಗಳಕ್ಕೆ ಹೋಗ್ಬೇಕೋ ಬ್ಯಾಡ್ವೋ ಅಂತ ತಿಳ್ಕೊಳೋಕೆ ಮಾತ್ರ ಧಾರಾಳ ಸಾಕು.

ಬ್ಯಾಂಕ್ ಆಪ್ ತೆಗುದ್ರೆ ಟ್ಯಾಬಲ್ಲಿ ಬರೀ ಕಪ್ಪು ಬಂತು ಅಂತ ಗಾಬರಿ ಬೀಳ್ಬೇಡಿ, ಆ ಆಪೇ ಬೇಕಂತ ಹಂಗೆ ಮಾಡಿರತ್ತೆ, ಒಳ್ಳೇದೇ. ಮೇಲಿಂದ ಇಳಿಯೋ ಮೆಸೇಜುಗಳದ್ದೇ ತಲೆನೋವು. ಆಂಡ್ರಾಯ್ಡ್ 15ರಿಂದ ಸ್ಕ್ರೀನ್ ಶೇರ್ ನಡೀವಾಗ ಓಟಿಪಿ ನೋಟಿಫಿಕೇಶನ್ ಆಚೆಯೋರಿಗೆ ಕಾಣ್ದಂಗೆ ಮುಚ್ಚತ್ತೆ, ಹಳೇ ಫೋನಾದ್ರೆ ಡು ನಾಟ್ ಡಿಸ್ಟರ್ಬ್ ಹಾಕ್ಕೊಳಿ, ಒಂದೇ ಆಪ್ ಶೇರ್ ಮಾಡೋ ಆಯ್ಕೆ ಬಂದ್ರೆ ಅದನ್ನೇ ಒತ್ತಿ. ಕಸ್ಟಮರ್ ಕೇರ್ ಅಂತ ಯಾರೋ ಫೋನ್ ಮಾಡಿ ಸ್ಕ್ರೀನ್ ತೋರ್ಸಿ ಅಂದ್ರೆ ಕಾಲ್ ಕಟ್ ಮಾಡೋದೇ, ಇಂಥ ಮೋಸಕ್ಕೆ ದೂರದಿಂದಲೇ ಇನ್ನೊಬ್ರ ಫೋನ್ ನಡ್ಸೋ ಎನಿಡೆಸ್ಕ್ ಥರದ ಆಪ್ ಬಳಸ್ತಾರೆ ಅಂತ ರಿಸರ್ವ್ ಬ್ಯಾಂಕು 2019ರಲ್ಲೇ ಎಚ್ಚರಿಸಿತ್ತು. ಅಪ್ಪಂಗೂ ಹೇಳಿದೀನಿ, ನಾನು ಅಥ್ವಾ ಚಿಕ್ಕಪ್ಪನ ಮಗ ಬಿಟ್ರೆ ಯಾರ್ ಕೇಳಿದ್ರೂ ಶೇರ್ ಒತ್ಬೇಡಿ ಅಂತ. "ಅವನ್ಗೂ ಯಾಕ್ಲಾ, ಅವ್ನೇನ್ ಕಮ್ಮಿನಾ" ಅಂದ್ರು.