ಗಂಗಾವತಿಯ ಬೈ ಬೇರೆ, ಡರ್ಬಿಯ ಬೈ ಬೇರೆ

ಇಂಗ್ಲಿಷಿನ ದೊಡ್ಡ ದೊಡ್ಡ ಪದಗಳು ಇಲ್ಲಿ ನಮಗೆ ಅಷ್ಟು ಕಾಟ ಕೊಡುವುದಿಲ್ಲ. ಕಾಟ ಕೊಡುವುದು ‘ಬೈ’ ತರಹದ ಚೋಟುದ್ದದ ಪದಗಳು. ನಾನು ಗಂಗಾವತಿಯವನು, ಈಗ ಇರುವುದು ಇಂಗ್ಲೆಂಡಿನ ಡರ್ಬಿಯಲ್ಲಿ. ನಮ್ಮ ಕಡೆ ಇಂಗ್ಲಿಷ್ ಬಾರದವರೂ ದಿನವೆಲ್ಲಾ ಬೈ ಅನ್ನುತ್ತಿರುತ್ತಾರೆ. ಬೈಪಾಸ್, ಬೈ ಎಲೆಕ್ಷನ್, ಬೈ ಮಿಸ್ಟೇಕ್, ಬೈಹಾರ್ಟ್. (ಬೈಗುಳದ ಬೈ ಬಿಡಿ, ಅದು ಅಪ್ಪಟ ನಮ್ಮದು.) ಬಸ್ ಸ್ಟ್ಯಾಂಡ್ ಹೋಟೆಲಿನಲ್ಲಿ ‘ಒಂದು ಬೈ ಟೂ ಚಾ’ ಅಂದರೆ ಸಾಕು, ಎರಡು ಲೋಟದಲ್ಲಿ ಅರ್ಧರ್ಧ ಬಂದು ಕೂರುತ್ತದೆ.

ಆ ಬೈ ಟೂ ಇಲ್ಲಿ ನಡೆಯುವುದಿಲ್ಲ. ನಾವು ಶಾಲೆಯಲ್ಲಿ ಭಾಗಾಕಾರವನ್ನು ‘ಟೆನ್ ಬೈ ಟೂ’ ಅಂತ ಓದಿದವರು. ಅರ್ಧ ಅಂದರೆ ಒನ್ ಬೈ ಟೂ. ಇಲ್ಲಿನವರು ‘ಟೆನ್ ಡಿವೈಡೆಡ್ ಬೈ ಟೂ’ ಅಂತ ಪೂರ್ತಿ ಹೇಳುತ್ತಾರೆ, ಇಲ್ಲವೇ ‘ಟೆನ್ ಓವರ್ ಟೂ’. ಬರೀ ‘ಟೆನ್ ಬೈ ಟೂ’ ಅಂದರೆ ಅವರಿಗೆ ಅದು ಉದ್ದ ಅಗಲದ ಲೆಕ್ಕ, ನಮ್ಮ ಮೂವತ್ತು ನಲವತ್ತು ಸೈಟಿನ ಹಾಗೆ.

ಆಫೀಸಿನಲ್ಲಿ ಮಾತ್ರ ವಿಷಯ ಸ್ವಲ್ಪ ಗಂಭೀರ. ಮಾನ್ವಿ ಕಡೆಯ ಗೆಳೆಯನೊಬ್ಬ ‘ಟಿಲ್ ಫ್ರೈಡೇ ರಿಪೋರ್ಟ್ ಕಳಿಸುತ್ತೇನೆ’ ಅಂತ ಬರೆದ. ಮ್ಯಾನೇಜರಮ್ಮ ಬಂದು, ‘ಅಲ್ಲಪ್ಪ, ದಿನಾ ಒಂದು ರಿಪೋರ್ಟ್ ಯಾಕೆ? ಒಂದೇ ಸಾಕು’ ಅಂದರು. ಅವನು ಹೇಳಬೇಕಿದ್ದದ್ದು ‘ಬೈ ಫ್ರೈಡೇ’. ಬೈ ಅಂದರೆ ಅಷ್ಟರೊಳಗೆ ಯಾವಾಗಲಾದರೂ ಕೆಲಸ ಮುಗಿಯಬೇಕು, ಶುಕ್ರವಾರವೂ ಸೇರಿ. ಟಿಲ್ ಅಂದರೆ ಅಲ್ಲಿಯ ತನಕ ಕೆಲಸ ನಡೆಯುತ್ತಲೇ ಇರುತ್ತದೆ. ಶುಕ್ರವಾರ ಅಂದರೂ ಎಷ್ಟು ಹೊತ್ತಿಗೆ ಎನ್ನುವ ಅನುಮಾನ ಬಂದರೆ ಇಲ್ಲಿನವರು ‘ಬೈ ಕ್ಲೋಸ್ ಆಫ್ ಪ್ಲೇ’ ಅನ್ನುತ್ತಾರೆ. ಕ್ರಿಕೆಟ್ಟಿನ ಮಾತು. ಆಫೀಸಿನ ದಿನ ಮುಗಿಯುವ ಹೊತ್ತಿಗೆ ಅಂತ ಅರ್ಥ.

ತಮಾಷೆ ಅಂದರೆ, ಈ ವ್ಯತ್ಯಾಸ ಕನ್ನಡದಲ್ಲಿ ಮೊದಲೇ ಇದೆ. ‘ನಾಲ್ಕರ ತನಕ ಅಂಗಡಿ ತೆಗೆದಿರುತ್ತೆ’, ‘ನಾಲ್ಕರೊಳಗೆ ಬಾ’. ಇವೆರಡನ್ನು ಗಂಗಾವತಿಯಲ್ಲಿ ಚಿಕ್ಕ ಹುಡುಗರೂ ಕಲಸುವುದಿಲ್ಲ. ಮತ್ತೆ ಎಡವಿದ್ದು ಎಲ್ಲಿ? ನನ್ನ ಪ್ರಕಾರ ಆ ‘ರಾವಣನು ರಾಮನಿಂದ ಕೊಲ್ಲಲ್ಪಟ್ಟನು’ ಪಾಠದಲ್ಲಿ. ಬೈ ಅಂದರೆ ‘ಇಂದ’ ಅಂತ ಗಟ್ಟಿ ಮಾಡಿಸಿದರು, ಮುಗೀತು. ‘ಒಳಗೆ’ ಕೂಡ ಬೈ ಆಗುತ್ತದೆ ಅಂತ ಯಾರೂ ಹೇಳಲಿಲ್ಲ. ಅಷ್ಟಕ್ಕೂ ಆ ವಾಕ್ಯ ಕನ್ನಡವೇ? ನಮ್ಮೂರಲ್ಲಿ ಯಾರೂ ‘ನಾಯಿಯಿಂದ ಕಚ್ಚಲ್ಪಟ್ಟೆ’ ಅಂತ ದವಾಖಾನೆಗೆ ಓಡುವುದಿಲ್ಲ. ‘ನಾಯಿ ಕಡೀತ್ರಿ’ ಅಂತಾರೆ.

ಕೆಲವು ಕಡೆ ಬೈಗೆ ಕನ್ನಡದಲ್ಲಿ ಏನೂ ಬೇಡ. ‘ಬಾಡಿಗೆ 50 ಪೌಂಡ್ ಏರಿತು’ ಅಂದರೆ ಸಾಕು. ಇಂಗ್ಲಿಷಿನಲ್ಲಿ ಅಲ್ಲೊಂದು ಬೈ ಇರುತ್ತದೆ. ‘850 ಪೌಂಡಿಗೆ ಏರಿತು’ ಅಂದರೆ ಮಾತ್ರ ಟು. ಮನೆ ಮಾಲೀಕರ ಪತ್ರ ಬಂದರೆ ಮೊದಲು ಈ ಎರಡರಲ್ಲಿ ಯಾವುದಿದೆ ಅಂತ ನೋಡಿ. ಆಮೇಲೆ ಗಾಬರಿಯಾಗಿ.

ಅಂದಹಾಗೆ, ಡರ್ಬಿಯ ಕೊನೆಯ ‘ಬಿ’ ಇಂಗ್ಲಿಷಿನಲ್ಲಿ ಬರೆಯುವಾಗ ಥೇಟ್ ಬೈ ಥರವೇ ಕಾಣುತ್ತದೆ. ಆದರೆ ಅದು ಈ ಬೈ ಅಲ್ಲ. ಒಂಬತ್ತನೇ ಶತಮಾನದಲ್ಲಿ ಡೆನ್ಮಾರ್ಕ್ ಕಡೆಯಿಂದ ದಂಡೆತ್ತಿ ಬಂದು ನೆಲೆಸಿದವರು ಬಿಟ್ಟುಹೋದ ಪದ. ಅರ್ಥ ಊರು, ಹಳ್ಳಿ. ವಿಟ್ಬಿ, ಗ್ರಿಮ್ಸ್‌ಬಿ ಎಲ್ಲಾ ನಮ್ಮ ಸಿಂಧನೂರು, ಕುಕನೂರಿನ ಜಾತಿಯವೇ.

ಕಾರಟಗಿಯ ನಮ್ಮ ಅಕ್ಕನ ಮಗ ಓದಲು ಇಲ್ಲಿಗೆ ಬರುವ ತಯಾರಿಯಲ್ಲಿದ್ದಾನೆ, ಅದಕ್ಕೆ ಬೇಕಾದ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದಾನೆ. ಮೊನ್ನೆ ಫೋನ್ ಮಾಡಿ, ‘ಮಾಮಾ, ನಿಮ್ಮ ಮನಿಯಿಂದ ಕಾಲೇಜಿಗೆ ಬೈ ವಾಕ್ ಹೋಗಬಹುದಾ?’ ಅಂದ. ಹೋಗಬಹುದಪ್ಪ, ಆದರೆ ಬೈ ವಾಕ್ ಅನ್ನಬೇಡ, ಆನ್ ಫುಟ್ ಅನ್ನು ಅಂದೆ. ಬೈ ಬಸ್, ಬೈ ಟ್ರೇನ್, ಬೈ ಕಾರ್ ಎಲ್ಲಾ ಸರಿ. ಆದರೆ ನನ್ನ ಕಾರಲ್ಲಿ ಅನ್ನುವಾಗ ಬೈ ಹೋಗಿ ಇನ್ ಬರುತ್ತದೆ. ಅವನು ಸ್ವಲ್ಪ ಹೊತ್ತು ಸುಮ್ನಿದ್ದು ಕೇಳಿದ, ‘ಇವೆಲ್ಲಾ ಐಇಎಲ್‌ಟಿಎಸ್‌ನ್ಯಾಗ ಬರ್ತಾವೇನು ಮಾಮಾ?’

ಬರ್ತಾವ ಅಂದೆ.