ಅಷ್ಟು ಜಾಗ

ಚಿನ್ನಿ ಹೋಗಿ ಇವತ್ತಿಗೆ 9 ದಿನ. 14 ವರ್ಷದ ಬೆಕ್ಕು, ಕಿಡ್ನಿ ಕೈಕೊಟ್ಟಿತ್ತು. ವಯಸ್ಸಾದ ಬೆಕ್ಕುಗಳಿಗೆ ಈ ಕಾಯಿಲೆ ಜಾಸ್ತಿ. ಪದೇಪದೇ ನೀರು ಕುಡಿಯುತ್ತಿದ್ದಾಗ ನಾನು ಸೆಕೆಗೆ ಅಂದುಕೊಂಡೆ. ಚಿಕ್ಕಮಗಳೂರಿನ ಡಿಸೆಂಬರ್ ಚಳಿಯಲ್ಲಿ ಸೆಕೆ! ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಕಣದಲ್ಲಿ ಕಾಫಿ ಹಣ್ಣು ಹರಡಿದರೆ ಸರಿಯಾಗಿ ನಡುವೆ ಹೋಗಿ ಮಲಗುತ್ತಿತ್ತು. ಅಮ್ಮ ಬೈದು ಬೈದು ಸಾಕಾಗಿ, ಕೊನೆಗೆ ಅದರ ಸುತ್ತ ಜಾಗ ಬಿಟ್ಟು ಕೈಯಾಡಿಸುತ್ತಿದ್ದರು. ನಿನ್ನೆ ನೋಡಿದೆ, ಈಗಲೂ ಅಷ್ಟು ಜಾಗ ಬಿಟ್ಟೇ ಕೈಯಾಡಿಸುತ್ತಿದ್ದಾರೆ. ಕೇಳಲು ಹೋಗಲಿಲ್ಲ.

"ಒಂದು ಬೆಕ್ಕಿಗೆ ಇಷ್ಟೊಂದಾ?" ಅಂದರು ಪಕ್ಕದ ಮನೆಯವರು. ಸುಮ್ನೆ ನಕ್ಕೆ. ಇಷ್ಟು ವರ್ಷ ದಿನಾ ನನ್ನನ್ನು ಎಬ್ಬಿಸಿದ್ದು ಅದೇ ಅಲ್ವಾ? ಈಗಲೂ ಐದೂವರೆಗೆ ಎಚ್ಚರ ಆಗುತ್ತದೆ. ಎದ್ದು ಹಿತ್ತಲ ಬಾಗಿಲು ತೆಗೆಯುತ್ತೇನೆ. ಮಂಜು ಒಳಗೆ ಬರುತ್ತದೆ.